ಆಲೆಮನೆಯಲ್ಲಿ ಸಿಕ್ಕ ರನ್

ಮಂಡ್ಯ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಎಲ್ಲರೂ ಕನ್ನಡ ಮಾಧ್ಯಮದ ಮಕ್ಕಳು. ಒಂಬತ್ತನೇ ತರಗತಿಯಲ್ಲಿ ಒಮ್ಮೆ "ವಿ ರ‍್ಯಾನ್ ಔಟ್ ಆಫ್ ಮಿಲ್ಕ್" ಎಂಬ ವಾಕ್ಯ ಬಂತು. ಕನ್ನಡದಲ್ಲಿ ಬರೆಯಿರಿ ಅಂದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳ ನೋಟ್‌ಬುಕ್ಕಿನಲ್ಲಿ ಇದ್ದದ್ದು "ನಾವು ಹಾಲಿನಿಂದ ಹೊರಗೆ ಓಡಿದೆವು". ಹಾಲು ಮುಗಿಯಿತು ಎಂಬುದು ಅದರ ಅರ್ಥ. ಅವರನ್ನು ಅಂದು ಏನು ಪ್ರಯೋಜನ? ರನ್ ಅಂದರೆ ಓಡು, ಔಟ್ ಅಂದರೆ ಹೊರಗೆ ಎಂದು ಬಾಯಿಪಾಠ ಮಾಡಿಸಿದವರು ನಾವೇ.

ಮೊದಲು ನಿಘಂಟು ನೋಡಿ ರನ್ ಪದದ ಇಪ್ಪತ್ತು ಅರ್ಥಗಳನ್ನು ಬೋರ್ಡಿನ ಮೇಲೆ ಬರೆದು ಕಾಪಿ ಮಾಡಿಸಿದೆ. ಮರುವಾರ ಕೇಳಿದರೆ ಪಟ್ಟಿಯನ್ನು ಚೆನ್ನಾಗಿ ಒಪ್ಪಿಸಿದರು. ವಾಕ್ಯ ಕೊಟ್ಟರೆ ಮತ್ತೆ ಅದೇ ಓಟ. ಇಪ್ಪತ್ತಕ್ಕೆ ಮುಗಿಯುವ ಪದವೂ ಅದಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪೀಟರ್ ಗಿಲಿವರ್ ಈ ಒಂದು ಕ್ರಿಯಾಪದದ ಪರಿಷ್ಕರಣೆಗೆಂದೇ ಒಂಬತ್ತು ತಿಂಗಳು ಕೂತರು. ಕೊನೆಗೆ ಲೆಕ್ಕಕ್ಕೆ ಸಿಕ್ಕ ಅರ್ಥಗಳು 645. ಆ ನಿಘಂಟಿನ ಮೊದಲ ಆವೃತ್ತಿ 1928ರಲ್ಲಿ ಮುಗಿದಾಗ 'ಸೆಟ್' ಪದದ ವಿವರಣೆಯೇ ಎಲ್ಲಕ್ಕಿಂತ ಉದ್ದವಿತ್ತು. ಈಗ ರನ್ ಅದನ್ನೂ ಹಿಂದೆ ಹಾಕಿದೆ.

645 ಅರ್ಥಗಳನ್ನು ಲಂಡನ್ನಿನಲ್ಲಿ ಹುಟ್ಟಿದ ಮಗುವೂ ಉರು ಹೊಡೆಯುವುದಿಲ್ಲ. ಮತ್ತೆ ಅದಕ್ಕೆ ಹೇಗೆ ತಿಳಿಯುತ್ತದೆ? ಇದೇ ಯೋಚನೆಯಲ್ಲಿದ್ದಾಗ ಒಬ್ಬ ಹುಡುಗ ಬಾಗಿಲಲ್ಲಿ ನಿಂತು, "ಮಿಸ್, ಸೈಕಲ್‌ಗೆ ಗಾಳಿ ಹೊಡಿಸ್ಕೊಂಡ್ ಬರ್ಲಾ?" ಅಂದ. ಅವನನ್ನು ಕಳಿಸಿ, ಬೋರ್ಡಿನ ಮೇಲೆ 'ಹೊಡಿ' ಎಂದು ಬರೆದೆ. ಏನೇನು ಹೊಡೀತೀವಿ ಹೇಳಿ ಅಂದೆ. ಗೊರಕೆ, ಸಿಳ್ಳೆ, ಮೊಳೆ, ಸುಣ್ಣ, ಹರಟೆ. ಗದ್ದೆಗೆ ಔಷಧಿ ಹೊಡೀತೀವಿ. ಗಾಡಿ ಹೊಡೀತೀವಿ. ನಾತ ತಾನೇ ಹೊಡೆಯುತ್ತೆ. ಐದು ನಿಮಿಷದಲ್ಲಿ ಬೋರ್ಡ್ ತುಂಬಿತು. ಇವನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಯಾರೂ ಇಲ್ಲ ಮಿಸ್. ಗೊರಕೆ ಪಕ್ಕದಲ್ಲಿದ್ದಾಗ ಹೊಡಿ ಅಂದರೇನು, ಮೊಳೆ ಪಕ್ಕದಲ್ಲಿದ್ದಾಗ ಏನು ಎಂದು ಅವರು ಯಾವತ್ತೂ ಗೊಂದಲಪಟ್ಟವರಲ್ಲ. ಪದ ಯಾರ ಜೊತೆ ಬಂದಿದೆ ಎಂದು ನೋಡುವ ಕಣ್ಣು ಅವರಿಗೆ ಆಗಲೇ ಇತ್ತು, ಇಂಗ್ಲಿಷ್ ಪೀರಿಯಡ್ಡಿನಲ್ಲಿ ಅದನ್ನು ಮುಚ್ಚಿಸಿದ್ದು ನಾನು.

ಅವತ್ತಿನಿಂದ ಮಾಡುವ ಕ್ರಮ ಇಷ್ಟೆ. ವಾಕ್ಯ ಬರೆದು ರನ್ ಇರುವ ಜಾಗವನ್ನು ಡಸ್ಟರಿನಿಂದ ಒರೆಸಿಬಿಡುತ್ತೇನೆ. ನಲ್ಲಿ ಇದೆ, ಮುಂದೆ ಖಾಲಿ. ನಿಮ್ಮನೇಲಿ ಏನಂತೀರಿ? "ನಲ್ಲೀಲಿ ನೀರು ಸುರೀತಿದೆ." ಮೂಗು, ಮುಂದೆ ಖಾಲಿ. "ಸೋರ್ತಿದೆ." ಅಪ್ಪ, ಅಂಗಡಿ. "ನಡೆಸ್ತಾರೆ." ಸಕ್ಕರೆ, ಔಟ್. "ಮುಗೀತು." ಮೊದಲು ಕನ್ನಡದ ಮಾತು ತಾನಾಗಿ ಬಾಯಿಗೆ ಬರಬೇಕು. ಆಮೇಲೆ ಇಷ್ಟೂ ಕಡೆ ಇಂಗ್ಲಿಷಿನವರು ಒಂದೇ ಪದ ಇಡುತ್ತಾರೆ ಎಂದು ತೋರಿಸುತ್ತೇನೆ. ನೋಟ್‌ಬುಕ್ಕಿನಲ್ಲಿ ರನ್ ಎಂದಷ್ಟೇ ಬರೆಯಲು ಬಿಡುವುದಿಲ್ಲ, ಜೊತೆಗಾರ ಪದದ ಸಮೇತ ಬರೆಯಬೇಕು.

ಹೀಗೆ ಮಾಡುತ್ತಾ ಹೋದಾಗ ನನಗೇ ಒಂದು ಹೊಸದು ಹೊಳೆಯಿತು. ರನ್‌ಗೆ ಕನ್ನಡದಲ್ಲಿ ಹತ್ತಿರದ ನೆಂಟ 'ಓಡು' ಎಂದುಕೊಂಡಿದ್ದೆ. ಸಿನಿಮಾ ನೂರು ದಿನ ಓಡಿತು, ಮೋಟರ್ ಓಡುತ್ತಿದೆ ಎನ್ನುವಾಗ ಅದು ನಿಜವೂ ಹೌದು. ಆದರೆ ನದಿ ಹರಿಯುತ್ತದೆ, ರನ್. ಪೇಪರಿನಲ್ಲಿ 'ಲಾರಿ ಹರಿದು ಸಾವು' ಎಂದು ಬರುತ್ತದೆ, ಅದೂ ರನ್, ಜೊತೆಗೆ ಓವರ್. ಪುಟದ ಮೇಲೆ ದೃಷ್ಟಿ ಹರಿಸುತ್ತೇವೆ, ಅಲ್ಲೂ ರನ್. ಎಷ್ಟೋ ಕಡೆ 'ಹರಿ'ಯೇ ಅದರ ಸರಿಜೋಡಿ. ಹಳಗನ್ನಡದಲ್ಲಿ ಇದು 'ಪರಿ', ಅದಕ್ಕೆ ಓಡು ಎಂಬ ಅರ್ಥವೂ ಇತ್ತು. ರನ್ ಪದದ ದಾಯಾದಿ ಜರ್ಮನ್ ಭಾಷೆಯ 'ರಿನ್ನನ್', ಅದಕ್ಕೆ ಈಗಲೂ ನೀರು ಹರಿಯುವುದು, ಒಸರುವುದು ಎಂದೇ ಅರ್ಥ. ಅಮೆರಿಕದಲ್ಲಿ ಹೆಂಗಸರ ಕಾಲುಚೀಲದ ಎಳೆ ಬಿಟ್ಟು ಉದ್ದಕ್ಕೆ ಹರಿದರೂ ರನ್ ಅನ್ನುತ್ತಾರೆ. ಇಲ್ಲಿ ಮಾತ್ರ ಎಚ್ಚರ ಬೇಕು: ಬಟ್ಟೆ ಹರಿಯುವ 'ಹರಿ' ನಮ್ಮಲ್ಲಿ ಬೇರೆ ಬೇರಿನದು, ಹಳಗನ್ನಡದ ಶಕಟರೇಫದ, ಅಂದರೆ ಈಗ ಬಳಕೆಯಲ್ಲಿಲ್ಲದ ಇನ್ನೊಂದು ರಕಾರದ 'ಪಱಿ'. ಹೋಲಿಕೆ ಚೆಂದವಿದೆ ಎಂದು ಮಕ್ಕಳಿಗೆ ಸುಳ್ಳು ನೆಂಟಸ್ತನ ಹೇಳಬಾರದು.

ನಾಲೆ ದಂಡೆಯ ಮಕ್ಕಳಿಗೆ ಹರಿವನ್ನು ವಿವರಿಸಿ ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ದಿನ ಕ್ಲಾಸಿನಲ್ಲಿ ಹಾಜರಿಯೇ ಕಡಿಮೆ.

ಚುನಾವಣೆಯ ಮಾತು ಬಂದಾಗ ಒಬ್ಬಳು ಕೇಳಿದಳು, "ಮಿಸ್, ನಮ್ಮಲ್ಲಿ ಎಲೆಕ್ಷನ್‌ಗೆ ನಿಲ್ತಾರೆ, ಅವರ ಕಡೆ ಯಾಕೆ ಓಡ್ತಾರೆ?" ಓಡುವುದು ಅಮೆರಿಕದವರು, ಬ್ರಿಟನ್ನಿನಲ್ಲಿ ನಮ್ಮ ಹಾಗೇ ನಿಲ್ಲುತ್ತಾರೆ ಎಂದೆ. ಕ್ರಿಕೆಟ್ಟಿನ ರನ್ನಿಗೆ ಪಾಠವೇ ಬೇಕಾಗಲಿಲ್ಲ. ಫೋರ್ ಹೊಡೆದವನು ನಿಂತಲ್ಲೇ ನಿಂತರೂ ನಾಲ್ಕು ರನ್ ಬರುತ್ತದೆ ಎಂದು ಅವರೇ ನನಗೆ ಹೇಳಿದರು.

ಕಳೆದ ವರ್ಷ ಮನೆಯ ಕೆಲಸದ ಬಗ್ಗೆ ಐದು ವಾಕ್ಯ ಬರೆಯಲು ಕೊಟ್ಟಿದ್ದೆ, ಎಲ್ಲದರಲ್ಲೂ ರನ್ ಇರಬೇಕು. ಹಿಂದಿನ ಬೆಂಚಿನ ಹುಡುಗನೊಬ್ಬನ ಮನೆಯವರದು ಆಲೆಮನೆ. ಅವನ ನೋಟ್‌ಬುಕ್ಕಿಗೆ ಬೆಲ್ಲದ ಕೈ ಅಂಟಿದ ಗುರುತಿತ್ತು. ಬರೆದದ್ದು ಹೀಗೆ: ಮೈ ಫಾದರ್ ರನ್ಸ್ ಆ್ಯನ್ ಆಲೆಮನೆ. ದ ಮೋಟರ್ ರನ್ಸ್ ಆಲ್ ನೈಟ್. ದ ಜ್ಯೂಸ್ ರನ್ಸ್ ಇನ್‌ಟು ದ ಕೊಪ್ಪರಿಗೆ. ಯೆಸ್ಟರ್‌ಡೇ ವಿ ರ‍್ಯಾನ್ ಔಟ್ ಆಫ್ ಫೈರ್‌ವುಡ್. ಐ ರ‍್ಯಾನ್ ಟು ಬ್ರಿಂಗ್ ಮೋರ್.

ನಡೆಸುವುದು, ತಿರುಗುವುದು, ಹರಿಯುವುದು, ಮುಗಿಯುವುದು, ಕೊನೆಗೆ ನಿಜವಾಗಿ ಓಡುವುದು. ಐದಕ್ಕೆ ಐದೂ ಸರಿ. ನಾನು ಕೆಂಪು ಪೆನ್ನು ತೆರೆಯಲೇ ಇಲ್ಲ. ಅವನು ಮಾತ್ರ ನೋಟ್‌ಬುಕ್ ವಾಪಸ್ ತೆಗೆದುಕೊಳ್ಳದೆ ನಿಂತಿದ್ದ. "ಮಿಸ್, ಬೆಲ್ಲದ ರೇಟು ಬಿದ್ದೋಗೈತೆ. ಅದಕ್ಕೂ ರನ್ ಹಾಕ್ಬೋದಾ?"

ಅದಕ್ಕೆ ಆಗಲ್ಲಪ್ಪ, ಅವರೂ ಬೀಳು ಅಂತಲೇ ಅಂತಾರೆ ಎಂದೆ. ಅವನು ಅಲ್ಲೇ ಬಗ್ಗಿ, ಆರನೇ ಸಾಲಿನಲ್ಲಿ 'ಫೆಲ್' ಎಂದು ಬರೆದುಕೊಂಡ.