ಮೆರಿನೊ ಬನಿಯನ್: ಹಾಕಿ, ಒಗೆದು, ಹೊಲಿದು ಕಂಡದ್ದು

ಚಾರಣಕ್ಕೆ ಹೊರಟಾಗ ನಾನು ಮೈಗೆ ತಾಗಿ ಹಾಕುವುದು ಮೆರಿನೊ ಅನ್ನುವ ಕುರಿತಳಿಯ ನಯವಾದ ಉಣ್ಣೆಯ ತೆಳು ಬನಿಯನ್. ಉಣ್ಣೆ ಅಂದ ಕೂಡಲೇ ಜನ ಕೇಳುವುದು ಒಂದೇ, "ಚುಚ್ಚುವುದಿಲ್ವಾ?"

ಚುಚ್ಚುವುದೆಲ್ಲ ಎಳೆಯ ದಪ್ಪದ ಮೇಲೆ ನಿಂತಿದೆ. ಅದನ್ನು ಅಳೆಯುವುದು ಮೈಕ್ರಾನಿನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ. ಸುಮಾರು 30 ಮೈಕ್ರಾನ್‌ಗಿಂತ ದಪ್ಪ ಎಳೆಯ ತುದಿ ಚರ್ಮಕ್ಕೆ ತಾಗಿದರೆ ಬಾಗದೆ ಒತ್ತುತ್ತದೆ, ತುರಿಕೆ ಶುರುವಾಗುತ್ತದೆ. ಒಳಗೆ ಹಾಕುವ ಮೆರಿನೊ ಬಟ್ಟೆಯ ಎಳೆ ಸಾಮಾನ್ಯವಾಗಿ 17ರಿಂದ 19 ಮೈಕ್ರಾನ್ ಇರುತ್ತದೆ. ಕೊಳ್ಳುವಾಗ ಬಟ್ಟೆಯನ್ನು ಕತ್ತಿನ ಹಿಂಭಾಗಕ್ಕೆ ಉಜ್ಜಿ ನೋಡುತ್ತೇನೆ. ಬೆರಳಿಗೆ ತಿಳಿಯದ್ದು ಕತ್ತಿಗೆ ತಿಳಿಯುತ್ತದೆ.

ಬೆಚ್ಚಗಿಡುವುದಕ್ಕಿಂತ ಬೆವರನ್ನು ಸಂಭಾಳಿಸುವುದೇ ಇದರ ದೊಡ್ಡ ಗುಣ ಅಂತ ನನ್ನ ಲೆಕ್ಕ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಆವಿಯಾಗಿಯೇ ಎಳೆಯೊಳಗೆ ಹೀರಿಕೊಳ್ಳುತ್ತದೆ. ಆದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಒಂದಿಷ್ಟು ಶಾಖವೂ ಹೊರಬರುತ್ತದೆ. ಏರು ಹತ್ತಿ ಬೆವರಿ, ಮೇಲೆ ಗಾಳಿಗೆ ನಿಂತಾಗ ಹತ್ತಿ ಬಟ್ಟೆ ಬೆನ್ನಿಗಂಟಿ ಕೊರೆಯುತ್ತದೆ ಅಲ್ವಾ? ಆ ಕೊರೆತ ಇದರಲ್ಲಿ ತುಂಬಾ ಕಡಿಮೆ. ಹಾಗಂತ ಮಳೆಯಲ್ಲಿ ಪೂರ್ತಿ ನೆನೆದರೆ ಪಾಲಿಯೆಸ್ಟರ್‌ಗಿಂತ ನಿಧಾನವಾಗಿಯೇ ಒಣಗುತ್ತದೆ.

ಇನ್ನು ವಾಸನೆ. ಪಾಲಿಯೆಸ್ಟರ್ ಅಂಗಿ ಸಂಜೆಯ ಹೊತ್ತಿಗೇ ನಾರುತ್ತದೆ. ಮೆರಿನೊ ಬನಿಯನ್ನನ್ನು ರಾತ್ರಿ ಗಾಳಿಗೆ ಹಾಕಿದರೆ ಬೆಳಿಗ್ಗೆ ಮತ್ತೆ ಹಾಕಿಕೊಳ್ಳಬಹುದು. ಬೆವರಿನ ವಾಸನೆಯನ್ನು ಎಳೆಯೇ ಒಳಗೆ ಹಿಡಿದಿಟ್ಟುಕೊಂಡು, ಒಗೆದಾಗ ಬಿಡುತ್ತದೆ. ವಾಸನೆ ಬರುವುದೇ ಇಲ್ಲ ಅನ್ನುವುದು ಮಾತ್ರ ಮಾರುವವರ ಮಾತು. ಆದರೆ ಚೀಲದಲ್ಲಿ ಬಟ್ಟೆಯ ಭಾರ ಕಡಿಮೆಯಾಗುವುದು ನಿಜ.

ಒಗೆಯುವುದರಲ್ಲೇ ಇದರ ಆಯುಷ್ಯ ಇದೆ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಹುರುಪೆಗಳಿವೆ. ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ನಾನು ತಣ್ಣೀರಿಗೆ ಉಣ್ಣೆಯ ಸೋಪು ಹಾಕಿ, ಬನಿಯನ್ನನ್ನು ಒಳಮಗ್ಗುಲು ಹೊರಗೆ ಮಾಡಿ, ಅಂಗೈಯಿಂದ ಮೆಲ್ಲಗೆ ಅದುಮುತ್ತೇನೆ. ಹಿಂಡುವುದಿಲ್ಲ. ಒಣ ಟವಲಿನ ಮೇಲೆ ಹರಡಿ, ಎರಡನ್ನೂ ಸೇರಿಸಿ ಸುರುಳಿ ಸುತ್ತಿ, ಮೇಲೆ ಮೊಣಕೈ ಊರಿದರೆ ನೀರೆಲ್ಲ ಟವಲಿಗೆ ಹೋಗುತ್ತದೆ. ಆಮೇಲೆ ನೆರಳಲ್ಲಿ ಚಪ್ಪಟೆಯಾಗಿ ಹರಡುತ್ತೇನೆ. ಹ್ಯಾಂಗರ್‌ಗೆ ಹಾಕಿದರೆ ಒದ್ದೆಯ ಭಾರಕ್ಕೆ ಭುಜ ಜೋತುಬೀಳುತ್ತದೆ. ಬ್ಲೀಚ್ ಅಂತೂ ಬೇಡವೇ ಬೇಡ. ಕಲೆ ತೆಗೆಯುವ ಕೆಲವು ಪುಡಿಗಳಲ್ಲಿ ಪ್ರೋಟೀನ್ ಕರಗಿಸುವ ಕಿಣ್ವ ಇರುತ್ತದೆ. ಉಣ್ಣೆಯೂ ಪ್ರೋಟೀನೇ, ಹಾಗಾಗಿ ಅವೂ ಬೇಡ.

ತೆಳು ಮೆರಿನೊ ಬೇಗ ಸವೆಯುತ್ತದೆ. ಚದರ ಮೀಟರಿಗೆ 150 ಗ್ರಾಂ ತೂಗುವ ಬಟ್ಟೆ ಸೆಕೆಗೆ ಹಿತ, ಆದರೆ ಬೆನ್ನಚೀಲದ ಸೊಂಟಪಟ್ಟಿ ಉಜ್ಜುವ ಕಡೆ ಸಣ್ಣ ತೂತು ಬೀಳುತ್ತದೆ. ಭಾರ ಹೊರುವ ದಿನ 200 ಗ್ರಾಂನದ್ದೇ ನನಗೆ ವಾಸಿ. ತೂತು ಕಡಲೆಕಾಳಿನಷ್ಟಾಗುವ ಮೊದಲೇ ತೆಳು ದಾರದಲ್ಲಿ ಕುಣಿಕೆಗಳನ್ನು ಎತ್ತಿ ಹೊಲಿದುಬಿಡುತ್ತೇನೆ.

ಎತ್ತಿಡುವಾಗ ಒಗೆಯದೆ ಇಡಬೇಡಿ. ಬಟ್ಟೆಹುಳದ ಮರಿಗಳು ಬೆವರು, ಎಣ್ಣೆಯ ಕಲೆ ಇರುವ ಜಾಗವನ್ನೇ ಹುಡುಕಿ ತಿನ್ನುತ್ತವೆ. ನುಸಿಗುಳಿಗೆಯ ವಾಸನೆ ಉಣ್ಣೆಯಿಂದ ಬೇಗ ಬಿಡುವುದಿಲ್ಲ. ಅದಕ್ಕೇ ನಾನು ಗಾಳಿಯಾಡದ ಕವರಿನಲ್ಲಿ ಹಾಕಿ ಬಾಯಿ ಬಿಗಿದಿಡುತ್ತೇನೆ.