ಮಂಜೂರಾದ ಮಾಸಾಶನ ಕೈಗೆ ಸೇರುವವರೆಗೆ

ಕಳೆದ ಶ್ರಾವಣದಲ್ಲಿ ನಮ್ಮ ಬೀದಿಯ ಹಿರಿಯ ಹೆಣ್ಣುಮಗಳೊಬ್ಬರು ಸೆರಗಿನ ಗಂಟು ಬಿಚ್ಚಿ ಎರಡು ಕಾಗದಗಳನ್ನು ನನ್ನ ಮುಂದಿಟ್ಟರು. ಒಂದು, ವಿಧವಾ ವೇತನ ಮಂಜೂರಾಗಿದೆ ಎಂಬ ಆದೇಶ. ಇನ್ನೊಂದು, ಆದೇಶ ಬಂದು ಹನ್ನೊಂದು ತಿಂಗಳಾದರೂ ಒಂದು ರೂಪಾಯಿ ಜಮೆಯಾಗದ ಪಾಸ್‌ಬುಕ್. ಅವರು ತಾಲ್ಲೂಕು ಕಚೇರಿಗೆ ಆರು ಸಲ ಹೋಗಿ ಬಂದಿದ್ದರು. ಹೋದಾಗಲೆಲ್ಲ ಕೂಲಿ ತಪ್ಪಿತ್ತು. ಕಚೇರಿಯವರು ‘ಹಣ ಹೋಗಿದೆ’ ಎನ್ನುತ್ತಿದ್ದರು, ಬ್ಯಾಂಕಿನವರು ‘ಬಂದಿಲ್ಲ’ ಎನ್ನುತ್ತಿದ್ದರು. ಇಬ್ಬರು ಹೇಳಿದ್ದೂ ನಿಜವೇ.

ಹಲವು ವರ್ಷಗಳಿಂದ ನೆರೆಹೊರೆಯವರಿಗೆ ಅರ್ಜಿ ತುಂಬಿಕೊಡುತ್ತಾ ಬಂದ ನನಗೆ ಇಂಥ ಪ್ರಸಂಗ ಹೊಸದಲ್ಲ. ಜನ ಅರ್ಜಿ ಸಲ್ಲಿಸುವುದನ್ನೇ ದೊಡ್ಡ ಕೆಲಸವೆಂದುಕೊಂಡು, ಅದಕ್ಕೆ ಮೊದಲು ಮಾಡಬೇಕಾದ ಎರಡು ಕೆಲಸಗಳನ್ನು, ಅಂದರೆ ಕಾಗದಗಳಲ್ಲಿನ ಹೆಸರು-ವಯಸ್ಸು ಹೊಂದಿಸುವುದನ್ನೂ ಹಣ ಬೀಳುವ ಖಾತೆ ಯಾವುದೆಂದು ನೋಡಿಕೊಳ್ಳುವುದನ್ನೂ, ಬಿಟ್ಟುಬಿಡುತ್ತಾರೆ. ಅರ್ಜಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಬಿಟ್ಟ ಕೆಲಸಗಳು ವರ್ಷವಿಡೀ ಅಲೆಸುತ್ತವೆ. ಆದ್ದರಿಂದ ಇಲ್ಲಿ ಹೇಳುವ ಕ್ರಮವನ್ನು ದಯವಿಟ್ಟು ಹಿಂದುಮುಂದು ಮಾಡಬೇಡಿ.

ಯಾವ ಮಾಸಾಶನ ಎಂಬುದು ಮೊದಲು ಗೊತ್ತಾಗಲಿ

ಅರವತ್ತು ತುಂಬಿದ ಬಡತನ ರೇಖೆಗಿಂತ ಕೆಳಗಿನವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನವಿದೆ. ಅರವತ್ತೈದು ದಾಟಿದ ಸಣ್ಣ ರೈತರು, ಕೂಲಿಕಾರರು, ನೇಕಾರರು, ಮೀನುಗಾರರಂಥವರಿಗೆ ಸಂಧ್ಯಾ ಸುರಕ್ಷಾ ಇದೆ. ಗಂಡನನ್ನು ಕಳೆದುಕೊಂಡವರಿಗೆ ನಿರ್ಗತಿಕ ವಿಧವಾ ವೇತನ, ಅಂಗವಿಕಲರಿಗೆ ಅವರದೇ ವೇತನ, ಮದುವೆಯಾಗದ ಅಥವಾ ವಿಚ್ಛೇದನ ಪಡೆದ ನಲವತ್ತು ದಾಟಿದ ಹೆಣ್ಣುಮಕ್ಕಳಿಗೆ ಮನಸ್ವಿನಿ, ಲಿಂಗತ್ವ ಅಲ್ಪಸಂಖ್ಯಾತರಿಗೆ ಮೈತ್ರಿ ಯೋಜನೆಗಳಿವೆ. 2021ರ ಜುಲೈನಲ್ಲಿ ರಾಜ್ಯ ಸರ್ಕಾರ ಸಂಧ್ಯಾ ಸುರಕ್ಷಾ ಮೊತ್ತವನ್ನು 1,000ದಿಂದ 1,200 ರೂಪಾಯಿಗೂ ವಿಧವಾ ವೇತನವನ್ನು 600ರಿಂದ 800 ರೂಪಾಯಿಗೂ ಏರಿಸಿತು.

ಒಬ್ಬರಿಗೆ ಒಂದೇ ಮಾಸಾಶನ. ಹೆಚ್ಚು ಬರುತ್ತದೆಂದು ಎರಡಕ್ಕೆ ಅರ್ಜಿ ಹಾಕಿಸುವವರ ಮಾತು ಕೇಳಬೇಡಿ, ಒಂದಲ್ಲ ಒಂದು ದಿನ ಎರಡೂ ನಿಲ್ಲುತ್ತವೆ. ಆದರೆ ಗೃಹಲಕ್ಷ್ಮಿಯ 2,000 ರೂಪಾಯಿ ಬೇರೆಯದು. ಅದು ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯಾಗಿರುವ ಹೆಣ್ಣುಮಗಳಿಗೆ ಸಲ್ಲುವ ಹಣ. ವಿಧವಾ ವೇತನ ಪಡೆದರೆ ಗೃಹಲಕ್ಷ್ಮಿ ತಪ್ಪಿಹೋಗುತ್ತದೆಂದು ಹೆದರಿ ಅರ್ಜಿಯನ್ನೇ ಹಾಕದ ಮೂವರನ್ನು ನಾನು ಬಲ್ಲೆ. ಅಂಥ ನಿಯಮವೇನೂ ಇಲ್ಲ.

ಹೆಸರು ಮತ್ತು ವಯಸ್ಸು

ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಒಂದರ ಪಕ್ಕ ಒಂದಿಟ್ಟು ಅಕ್ಷರ ಅಕ್ಷರವಾಗಿ ಓದಿ. ವಿಧವಾ ವೇತನವಾದರೆ ಗಂಡನ ಮರಣ ಪ್ರಮಾಣಪತ್ರವನ್ನೂ ಸೇರಿಸಿಕೊಳ್ಳಿ. ಆಧಾರ್‌ನಲ್ಲಿ ಪುಟ್ಟಮ್ಮ, ಪಡಿತರ ಚೀಟಿಯಲ್ಲಿ ಪುಟ್ಟತಾಯಮ್ಮ, ಪಾಸ್‌ಬುಕ್ಕಿನಲ್ಲಿ ‘ಪುಟ್ಟಮ್ಮ ಕೋಂ ಲೇಟ್ ಸಿದ್ದಪ್ಪ’ ಎಂದಿದ್ದರೆ ಊರಿಗೆಲ್ಲ ಅವರು ಒಬ್ಬರೇ ಇರಬಹುದು, ಕಂಪ್ಯೂಟರಿಗೆ ಮೂವರು. ಕಂದಾಯ ಕಾಗದಗಳ ‘ಕೋಂ’ (ಹೆಂಡತಿ), ‘ಬಿನ್’ (ಮಗ), ‘ಲೇಟ್’ (ತೀರಿಹೋದ) ಇವೆಲ್ಲ ಹೆಸರಿನ ಭಾಗವಾಗಿ ಬ್ಯಾಂಕಿನ ದಾಖಲೆಯಲ್ಲಿ ಸೇರಿಹೋಗಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಇಂಗ್ಲಿಷ್ ಕಾಗುಣಿತವನ್ನೂ ನೋಡಿ. ಲಕ್ಷ್ಮಮ್ಮ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಐದಾರು ಬಗೆಯಲ್ಲಿ ಬರೆಯುತ್ತಾರೆ. ಮರಣ ಪ್ರಮಾಣಪತ್ರದ ಗಂಡನ ಹೆಸರು ಪಡಿತರ ಚೀಟಿಯ ಹೆಸರಿಗೆ ಹೊಂದದಿದ್ದರೆ ಅಲ್ಲಿಯೇ ಕಡತ ನಿಲ್ಲುತ್ತದೆ.

ತಿದ್ದುವುದಾದರೆ ಆಧಾರ್ ಅನ್ನು ಮೂಲವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಬ್ಯಾಂಕಿನಲ್ಲಿ ಹೆಸರು ತಿದ್ದಿಸುವುದು ಸುಲಭ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಆಧಾರ್‌ನಲ್ಲೇ ತಪ್ಪಿದ್ದರೆ ಮಾತ್ರ ಅದನ್ನು ಮುಟ್ಟಿ.

ವಯಸ್ಸಿನದು ಹೆಚ್ಚು ನೋವಿನ ವಿಷಯ. ಆಧಾರ್ ನೋಂದಣಿ ಶಿಬಿರಗಳಲ್ಲಿ ಹುಟ್ಟಿದ ದಿನ ಗೊತ್ತಿಲ್ಲದವರ ವಯಸ್ಸನ್ನು ಅಂದಾಜಿನಲ್ಲಿ ಬರೆದುಕೊಂಡರು. ನಮ್ಮ ಕಡೆಯ ಹಿರಿಯರಲ್ಲಿ ಎಷ್ಟೋ ಜನ ಜನವರಿ ಒಂದರಂದೇ ಹುಟ್ಟಿದವರಾಗಿರುವುದಕ್ಕೆ ಇದೇ ಕಾರಣ. ಮೊಮ್ಮಗಳ ಮದುವೆ ಕಂಡ ಅಜ್ಜಿಯ ವಯಸ್ಸು ಆಧಾರ್‌ನಲ್ಲಿ ಐವತ್ತೇಳು ಇರುತ್ತದೆ. ಇದನ್ನು ಸರಿಪಡಿಸಲು ಹಳೆಯ ಶಾಲಾ ದಾಖಲೆಯೇನಾದರೂ ಸಿಗುತ್ತದೆಯೇ ಎಂದು ಹುಡುಕಿ. ಒಂದನೇ ತರಗತಿಗೆ ಮೂರೇ ದಿನ ಹೋಗಿ ಬಿಟ್ಟಿದ್ದರೂ ದಾಖಲಾತಿ ಪುಸ್ತಕದಲ್ಲಿ ಹೆಸರಿರಬಹುದು. ಸಾವಿರ ರೂಪಾಯಿ ಕೊಟ್ಟರೆ ವಯಸ್ಸು ಏರಿಸಿಕೊಡುತ್ತೇನೆ ಎನ್ನುವವನನ್ನು ಮನೆಯ ಹೊಸ್ತಿಲು ದಾಟಲು ಬಿಡಬೇಡಿ. ಸುಳ್ಳು ಪ್ರಮಾಣಪತ್ರ ಸಿಕ್ಕಿಬಿದ್ದ ದಿನ ಅವನು ಊರಲ್ಲಿರುವುದಿಲ್ಲ, ಕಟಕಟೆಯಲ್ಲಿ ನಿಲ್ಲುವವರು ಅಜ್ಜಿ.

ಅಂಗಡಿಗಳಲ್ಲಿ ಆಧಾರ್ ಅನ್ನು ಪ್ಲಾಸ್ಟಿಕ್ ಕಾರ್ಡಿನಲ್ಲಿ ಮುದ್ರಿಸಿಕೊಡುತ್ತಾರಲ್ಲ, ಅದಕ್ಕೆ ಹಣ ಸುರಿಯಬೇಡಿ. ಅಲ್ಲಿ ಹಳೆಯ ಪ್ರತಿಯನ್ನೇ ಮುದ್ರಿಸಿ, ತಿದ್ದುಪಡಿಯಾದ ಹೆಸರು ಕಾರ್ಡಿನಲ್ಲಿ ಬರದೆ ಹೊಸ ಗೊಂದಲ ಹುಟ್ಟಿದ್ದನ್ನು ನೋಡಿದ್ದೇನೆ. ಕಾರ್ಡೇ ಬೇಕಿದ್ದರೆ ಆಧಾರ್ ಪ್ರಾಧಿಕಾರವೇ ಅಂಚೆಯಲ್ಲಿ ಕಳುಹಿಸುತ್ತದೆ. ಜಾಲತಾಣದಿಂದ ಇಳಿಸಿಕೊಂಡ ಕಾಗದದ ಪ್ರತಿಯೂ ಅಷ್ಟೇ ಮಾನ್ಯ.

ಎಲ್ಲರೂ ಎಡವುವ ಜಾಗ: ಖಾತೆ

ಈಗ ಹಣ ಹೋಗುವುದು ನೀವು ಅರ್ಜಿಯ ಜೊತೆ ಲಗತ್ತಿಸಿದ ಪಾಸ್‌ಬುಕ್ಕಿನ ಸಂಖ್ಯೆ ನೋಡಿಕೊಂಡು ಅಲ್ಲ, ಆಧಾರ್ ಸಂಖ್ಯೆ ನೋಡಿಕೊಂಡು. ರಾಷ್ಟ್ರೀಯ ಪಾವತಿ ನಿಗಮದ, ಅಂದರೆ ಎನ್‌ಪಿಸಿಐಯ, ಬಳಿ ಒಂದು ಪಟ್ಟಿ ಇದೆ. ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂಬುದು ಅದರಲ್ಲಿರುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ನಿಮಗೆ ನಾಲ್ಕು ಖಾತೆಗಳಿದ್ದರೆ, ಕೊನೆಯದಾಗಿ ಯಾವ ಬ್ಯಾಂಕು ನಿಮ್ಮ ಒಪ್ಪಿಗೆ ಪಡೆದು ಆ ಪಟ್ಟಿಗೆ ಹೆಸರು ಸೇರಿಸಿತೋ ಅಲ್ಲಿಗೇ ಹಣ ಹೋಗುತ್ತದೆ. ಆ ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿದ್ದು ನಿಮಗೆ ನೆನಪೂ ಇರುವುದಿಲ್ಲ.

ಮೇಲೆ ಹೇಳಿದ ತಾಯಿಯ ವಿಷಯದಲ್ಲಿ ಆದದ್ದು ಇದೇ. ಹಿಂದೆ ಮಹಿಳಾ ಸಂಘದ ಸಾಲಕ್ಕಾಗಿ ಪಟ್ಟಣದ ಒಂದು ಬ್ಯಾಂಕಿನಲ್ಲಿ ಅವರ ಹೆಸರಿನಲ್ಲಿ ಖಾತೆ ತೆರೆಸಿದ್ದರು. ಸಾಲ ತೀರಿತು, ಖಾತೆ ಮರೆತುಹೋಯಿತು, ಪಟ್ಟಿಯಲ್ಲಿ ಮಾತ್ರ ಅದೇ ಬ್ಯಾಂಕು ಉಳಿಯಿತು. 2017ರಲ್ಲಿ ಮೊಬೈಲ್ ಸಿಮ್‌ಗೆ ಆಧಾರ್ ಜೋಡಿಸಲು ಹೋದವರಿಗೆ ಗೊತ್ತಿಲ್ಲದಂತೆಯೇ ಮೊಬೈಲ್ ಕಂಪನಿಯ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆಗಳು ತೆರೆದು, ಅಡುಗೆ ಅನಿಲದ ಸಬ್ಸಿಡಿ ಅಲ್ಲಿ ಬಿದ್ದದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಸಿಮ್ ಕೊಳ್ಳುವಾಗ ‘ಇನ್ನೊಂದು ಸಲ ಬೆರಳಿಡಿ ಅಮ್ಮ’ ಎಂದರೆ ಏಕೆಂದು ಕೇಳುವುದನ್ನು ಮನೆಯ ಹಿರಿಯರಿಗೆ ಕಲಿಸಿ.

ಇಲ್ಲಿ ಎರಡು ಮಾತುಗಳ ವ್ಯತ್ಯಾಸ ತಿಳಿದಿರಲೇಬೇಕು. ಖಾತೆಗೆ ಆಧಾರ್ ‘ಲಿಂಕ್’ ಆಗಿದೆ ಎಂದರೆ ಆ ಬ್ಯಾಂಕಿನ ಕಂಪ್ಯೂಟರಿನಲ್ಲಿ ನಿಮ್ಮ ಆಧಾರ್ ಸಂಖ್ಯೆ ಇದೆ ಎಂದಷ್ಟೇ ಅರ್ಥ. ‘ಸೀಡಿಂಗ್’ ಅಥವಾ ‘ಮ್ಯಾಪಿಂಗ್’ ಆಗಿದೆ ಎಂದರೆ ನಿಗಮದ ಪಟ್ಟಿಯಲ್ಲಿ ಆ ಬ್ಯಾಂಕಿನ ಹೆಸರಿದೆ ಎಂದು ಅರ್ಥ. ನೀವು ಶಾಖೆಯಲ್ಲಿ ‘ಆಧಾರ್ ಲಿಂಕ್ ಆಗಿದೆಯೇ’ ಎಂದು ಕೇಳಿದರೆ ‘ಆಗಿದೆ’ ಎಂದು ಕಳುಹಿಸುತ್ತಾರೆ, ಅದು ಸುಳ್ಳೂ ಅಲ್ಲ. ಕೇಳಬೇಕಾದ ಪ್ರಶ್ನೆ ಇದು: ‘ಸರ್ಕಾರದ ಹಣ ಈ ಖಾತೆಗೇ ಬರುವಂತೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ?’ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೌಂಟರಿನಲ್ಲಿ ಕೊಡಿ.

ಶಾಖೆಗೆ ಹೋಗುವ ಮುಂಚೆ ನೀವೇ ನೋಡಿಕೊಳ್ಳಬಹುದು. ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ ‘ಮೈ ಆಧಾರ್’ ಜಾಲತಾಣದಲ್ಲಿ ಒಟಿಪಿ ಹಾಕಿ ಒಳಹೋಗಿ, ಬ್ಯಾಂಕ್ ಸೀಡಿಂಗ್ ಸ್ಥಿತಿ ಎಂಬಲ್ಲಿ ಒತ್ತಿ. ಬ್ಯಾಂಕಿನ ಹೆಸರು ಮತ್ತು ಅದು ಸಕ್ರಿಯವೋ ನಿಷ್ಕ್ರಿಯವೋ ಎಂಬುದು ಕಾಣುತ್ತದೆ. ಹಣ ಈಗಾಗಲೇ ಬಿಡುಗಡೆಯಾಗಿದ್ದರೆ ‘ಡಿಬಿಟಿ ಕರ್ನಾಟಕ’ ಆ್ಯಪ್ ಇನ್ನೂ ಒಳ್ಳೆಯದು. ಯಾವ ತಿಂಗಳ ಹಣ ಯಾವ ದಿನ ಯಾವ ಬ್ಯಾಂಕಿಗೆ ಹೋಯಿತು ಎಂಬುದು ಅದರಲ್ಲಿ ಸಿಗುತ್ತದೆ. ತಿಂಗಳುಗಟ್ಟಲೆ ಅಲೆದವರ ಒಗಟು ಅಲ್ಲಿ ಎರಡು ನಿಮಿಷದಲ್ಲಿ ಬಿಡಿಸಿಕೊಂಡಿದ್ದಿದೆ.

ಬೇರೆ ಬ್ಯಾಂಕಿನ ಹೆಸರು ಕಂಡರೆ ನಿಮಗೆ ಬೇಕಾದ ಶಾಖೆಗೆ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಪತ್ರ ತುಂಬಿ. ಈಗಿರುವ ಬ್ಯಾಂಕಿನಿಂದ ಈ ಬ್ಯಾಂಕಿಗೆ ಬದಲಿಸಿ ಎಂದು ಹೇಳುವ ಜಾಗ ಅದರಲ್ಲಿರುತ್ತದೆ, ಹಳೆಯ ಬ್ಯಾಂಕಿನ ಹೆಸರನ್ನು ಅಲ್ಲಿ ಬರೆಯಿರಿ. ಜನ ಇದನ್ನು ಖಾಲಿ ಬಿಡುತ್ತಾರೆ, ಬದಲಾವಣೆ ಆಗುವುದಿಲ್ಲ. ಪತ್ರದ ಜೆರಾಕ್ಸ್ ಮೇಲೆ ಮೊಹರು ಹಾಕಿಸಿಕೊಳ್ಳಿ. ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷಿಸಿ. ಪರೀಕ್ಷಿಸದೆ ನಂಬಬೇಡಿ.

ಯಾವ ಖಾತೆ ಒಳ್ಳೆಯದು? ಹಳ್ಳಿಯ ಹಿರಿಯರಿಗೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್ ಖಾತೆಯನ್ನೇ ನಾನು ಹೇಳುವುದು. ಕನಿಷ್ಠ ಮೊತ್ತ ಇಡಬೇಕಿಲ್ಲ, ಪೋಸ್ಟ್‌ಮ್ಯಾನ್ ಮನೆಗೇ ಬಂದು ಹಣ ಕೊಡಬಲ್ಲರು, ಊರಿನವರಾದ್ದರಿಂದ ಮುಖಪರಿಚಯವಿರುತ್ತದೆ. ಬ್ಯಾಂಕ್ ಖಾತೆಯೇ ಬೇಕೆಂದರೆ ನಡೆದು ಹೋಗುವಷ್ಟು ದೂರದಲ್ಲಿರಲಿ. ತೀರಿಹೋದ ಗಂಡನ ಜೊತೆಗಿದ್ದ ಜಂಟಿ ಖಾತೆ ಬೇಡವೇ ಬೇಡ, ಮಗನ ಜೊತೆಗಿನದೂ ಬೇಡ. ಅವರೊಬ್ಬರ ಹೆಸರಿನಲ್ಲೇ ಇರಲಿ. ಪಾಸ್‌ಬುಕ್ಕಿನ ಮೇಲೆ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂಬ ಹಳೆಯ ಹೆಸರುಗಳು ಇನ್ನೂ ಇದ್ದರೆ ಹೊಸ ಪಾಸ್‌ಬುಕ್ ಪಡೆದುಕೊಳ್ಳಿ. ಆ ಬ್ಯಾಂಕುಗಳು 2017 ಮತ್ತು 2020ರ ನಡುವೆ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿವೆ. ಎರಡು ವರ್ಷ ವಹಿವಾಟು ಇಲ್ಲದ ಖಾತೆಯಾದರೆ ಕೆವೈಸಿ, ಅಂದರೆ ಗುರುತು ಮತ್ತು ವಿಳಾಸದ ದಾಖಲೆ, ಕೊಟ್ಟು ಜೀವ ತುಂಬಿಸಿ.

ಅರ್ಜಿ

ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರಕ್ಕೆ ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್, ಫೋಟೊ, ಅಗತ್ಯವಿದ್ದರೆ ಮರಣ ಪ್ರಮಾಣಪತ್ರ ತೆಗೆದುಕೊಂಡು ಹೋಗಿ ಅರ್ಜಿ ಹಾಕಿ. ಸ್ವೀಕೃತಿ ಇಲ್ಲದೆ ಮೆಟ್ಟಿಲು ಇಳಿಯಬೇಡಿ. ಅದರ ಮೇಲಿನ ಸಂಖ್ಯೆಯೇ ಮುಂದೆ ಕೇಳಲು ನಿಮಗಿರುವ ಹಕ್ಕು.

ಮನೆಯಲ್ಲಿ ಸಾವು ಸಂಭವಿಸಿದಾಗ ಯಾರಿಗೂ ಕಾಗದದ ಚಿಂತೆ ಇರುವುದಿಲ್ಲ. ಆದರೂ ನೆಂಟರಲ್ಲಿ ಯಾರಾದರೊಬ್ಬರು ಮರಣ ನೋಂದಣಿಯ ಹೊಣೆ ಹೊರಬೇಕು. ಇಪ್ಪತ್ತೊಂದು ದಿನಗಳೊಳಗೆ ಮಾಡಿಸಿದರೆ ಶುಲ್ಕವಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶದವರೆಗೂ ಹೋಗಬೇಕಾಗುತ್ತದೆ. ಹನ್ನೊಂದನೇ ದಿನದ ಕಾರ್ಯ ಮುಗಿಸಿ ಹೊರಡುವ ಅಣ್ಣತಮ್ಮಂದಿರು ಈ ಒಂದು ಕೆಲಸ ಮುಗಿಸಿ ಹೊರಟರೆ ಆ ಹೆಣ್ಣುಮಗಳಿಗೆ ಎಷ್ಟೋ ಉಪಕಾರವಾಗುತ್ತದೆ.

ಗ್ರಾಮ ಆಡಳಿತಾಧಿಕಾರಿ ಮನೆಗೆ ಪರಿಶೀಲನೆಗೆ ಬರುತ್ತಾರೆ. ಅರ್ಜಿದಾರರು ಮಗಳ ಊರಿಗೆ ಹೋಗಿದ್ದರೆ ‘ಸ್ಥಳದಲ್ಲಿ ಇಲ್ಲ’ ಎಂಬ ಷರಾ ಬೀಳುತ್ತದೆ. ಅರ್ಜಿ ಹಾಕಿದ ಮೇಲೆ ಕೆಲವು ವಾರ ಊರಲ್ಲೇ ಇರಿ, ಇಲ್ಲದಿದ್ದರೆ ಅವರಿಗೆ ಫೋನ್ ಮಾಡಿ ತಿಳಿಸಿ. ತಡವಾದರೆ ತಹಶೀಲ್ದಾರರು ನಡೆಸುವ ಪಿಂಚಣಿ ಅದಾಲತ್‌ಗೆ ಸ್ವೀಕೃತಿ ಹಿಡಿದು ಹೋಗಿ.

ಹಣ ತೆಗೆಯುವಾಗ

ಹೆಬ್ಬೆಟ್ಟಿನ ಯಂತ್ರ ಹಿಡಿದು ಬರುವವರ ಬಳಿ ಹಣ ತೆಗೆದರೆ ಪ್ರತಿ ಸಲವೂ ಮುದ್ರಿತ ಚೀಟಿ ಕೇಳಿ ಪಡೆಯಿರಿ. ‘ಬೆರಳು ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಒತ್ತಿ’ ಎಂದು ಎರಡು ಸಲ ಹಣ ಎಳೆದುಕೊಂಡು ಒಂದು ಸಲದ್ದನ್ನಷ್ಟೇ ಕೊಟ್ಟ ಪ್ರಸಂಗ ನಮ್ಮ ಹೋಬಳಿಯಲ್ಲೇ ನಡೆದಿದೆ. ಜೀವನವಿಡೀ ಕಳೆ ಕಿತ್ತು ಬೆರಳಿನ ಗೆರೆ ಸವೆದವರಿಗೆ ಯಂತ್ರ ನಿಜವಾಗಿಯೂ ಸ್ಪಂದಿಸುವುದಿಲ್ಲ. ಅವರು ಶಾಖೆಗೇ ಹೋಗಿ ಹಣ ತೆಗೆಯುವ ಚೀಟಿ ಬರೆಸುವುದು ಕ್ಷೇಮ. ಪಾಸ್‌ಬುಕ್ ಅವರ ಪೆಟ್ಟಿಗೆಯಲ್ಲೇ ಇರಲಿ, ಅಂಗಡಿಯವನ ಬಳಿಯಾಗಲಿ ಸೊಸೆಯ ಬೀರುವಿನಲ್ಲಾಗಲಿ ಬೇಡ.

ತಪ್ಪು ಖಾತೆಗೆ ಹೋದ ಹಣ ಮುಳುಗಿತೆಂದು ಕೈಚೆಲ್ಲುವವರು ಬಹಳ. ಖಾತೆ ಅವರ ಹೆಸರಿನಲ್ಲೇ ಇರುವುದರಿಂದ ಹಣವೂ ಅವರದೇ. ನಮ್ಮ ಬೀದಿಯ ಆ ತಾಯಿಯೊಂದಿಗೆ ನಾನು ಪಟ್ಟಣದ ಶಾಖೆಗೆ ಹೋದೆ. ಅವರ ಬಳಿ ಪಾಸ್‌ಬುಕ್ ಇರಲಿಲ್ಲ, ಖಾತೆಯ ಸಂಖ್ಯೆಯೂ ಗೊತ್ತಿರಲಿಲ್ಲ. ಆಧಾರ್ ತೋರಿಸಿದ್ದಕ್ಕೆ ಖಾತೆ ಹುಡುಕಿಕೊಟ್ಟರು. ಕೆವೈಸಿ ಫಾರಂ, ಎರಡು ಫೋಟೊ ಕೊಟ್ಟು ಬಂದು, ನಾಲ್ಕು ದಿನದ ನಂತರ ಮತ್ತೆ ಹೋದೆವು. ಹನ್ನೊಂದು ತಿಂಗಳ 8,800 ರೂಪಾಯಿ ಹಾಗೆಯೇ ಇತ್ತು. ಅದನ್ನು ತೆಗೆದುಕೊಂಡು, ಅದೇ ಮಧ್ಯಾಹ್ನ ನಮ್ಮೂರಿನ ಅಂಚೆ ಕಚೇರಿಯಲ್ಲಿ ಹೊಸ ಖಾತೆಗೆ ಸೀಡಿಂಗ್ ಪತ್ರ ಬರೆದುಕೊಟ್ಟೆವು. ಹಳೆಯ ಬ್ಯಾಂಕಿನ ಹೆಸರು ಬರೆಯುವ ಜಾಗವನ್ನು ಆ ತಾಯಿಯೇ ಬೆರಳಿಟ್ಟು ತೋರಿಸಿ, ‘ಇಲ್ಲಿ ಬರೆಯುವುದು ಮರೆತೀರಿ’ ಎಂದರು.