ಲಿವರ್ ಕೊಬ್ಬಿದೆ ಅಂತ ಫೀಡ್‌ಗೆ ಎಣ್ಣೆ ಸೇರಿಸಿದೆ

ಚೆನ್ನಾಗಿ ಮೊಟ್ಟೆ ಇಡುತ್ತಿದ್ದ ದಪ್ಪ ಕೋಳಿ ಇದ್ದಕ್ಕಿದ್ದಂತೆ ಸತ್ತು ಬಿದ್ದಿದೆ, ಜುಟ್ಟು ಬೇರೆ ಬಿಳಿಚಿಕೊಂಡಿದೆ ಅಂದ್ರೆ ನಾನು ಮೊದಲು ಕೊಯ್ದು ಲಿವರ್ ನೋಡುತ್ತೇನೆ. ನನ್ನ ಶೆಡ್ಡಿನಲ್ಲಿ ಸಾಲುಸಾಲಾಗಿ ಅದೇ ಕಂಡಿತ್ತು. ಹಳದಿ ಬಣ್ಣ, ಬೆರಳಿಟ್ಟರೆ ಪುಡಿಯಾಗುವಷ್ಟು ಮೆತ್ತಗೆ, ಸುತ್ತ ಹೆಪ್ಪುಗಟ್ಟಿದ ರಕ್ತ.

ಎಲ್ಲರೂ ಹೇಳಿದ್ದು ಒಂದೇ, ಕೊಬ್ಬಿನಂಶ ಕಡಿಮೆ ಮಾಡಿ ಅಂತ. ಆದರೆ ನನ್ನ ಫೀಡಿನಲ್ಲಿ ಎಣ್ಣೆಯೇ ಇರಲಿಲ್ಲ, ಇದ್ದದ್ದು ಬರೀ ಮೆಕ್ಕೆಜೋಳದ ಭರಾಟೆ! ಹಂದಿಯಲ್ಲಿ ಹೊಸ ಕೊಬ್ಬು ತಯಾರಾಗುವುದು ಮುಖ್ಯವಾಗಿ ಚರ್ಮದಡಿಯ ಪದರದಲ್ಲಿ, ಕೋಳಿಯಲ್ಲಿ ಹಾಗಲ್ಲ, ಆ ಕೆಲಸ ಹೆಚ್ಚುಕಮ್ಮಿ ಪೂರ್ತಿ ಲಿವರ್‌ನದ್ದೇ. ಮೊಟ್ಟೆ ಇಡುವಾಗ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಲಿವರನ್ನು ಇನ್ನಷ್ಟು ದುಡಿಸುತ್ತದೆ. ಮೆಕ್ಕೆಜೋಳದ ಪಿಷ್ಟ ಜಾಸ್ತಿಯಾದಷ್ಟೂ ಅದು ಕೊಬ್ಬು ಮಾಡುತ್ತಲೇ ಇರುತ್ತದೆ. ಎಣ್ಣೆಯಿಂದಲೇ ಒಂದಷ್ಟು ಶಕ್ತಿ ಬಂದರೆ ಆ ತಯಾರಿ ತಗ್ಗುತ್ತದೆ.

ಹಾಗಾಗಿ 100 ಕೆಜಿ ಫೀಡಿಗೆ 2 ಕೆಜಿ ಸೋಯಾ ಎಣ್ಣೆ ಸೇರಿಸಿ, ಐದು ಕೆಜಿಗಿಂತ ತುಸು ಜಾಸ್ತಿ ಜೋಳ ತೆಗೆದೆ, ಯಾಕಂದ್ರೆ ಎಣ್ಣೆಯ ಶಕ್ತಿ ಜೋಳದ ಎರಡೂವರೆ ಪಟ್ಟಿಗೂ ಮೇಲೆ. ಖಾಲಿಯಾದ ಜಾಗಕ್ಕೆ ತೌಡು ಮತ್ತು ಸ್ವಲ್ಪ ಸೋಯಾ ಹಿಂಡಿ ಹಾಕಿ, ಒಟ್ಟು ಕ್ಯಾಲೊರಿ ಹೆಚ್ಚುಕಮ್ಮಿ ಮೊದಲಿನಷ್ಟೇ ಇರುವಂತೆ ಲೆಕ್ಕ ಹಾಕಿದೆ. ಗುಟ್ಟಿರುವುದು ಇಲ್ಲೇ. ಜೋಳ ತೆಗೆಯದೆ ಸುಮ್ನೆ ಮೇಲಿಂದ ಎಣ್ಣೆ ಸುರಿದರೆ ಕೋಳಿ ಮತ್ತೂ ದಪ್ಪಗಾಗುತ್ತದೆ ಅಷ್ಟೇ.

ಲಿವರ್‌ನಲ್ಲಿ ಆದ ಕೊಬ್ಬು ಹೊರಗೂ ಹೋಗಬೇಕಲ್ವಾ? ಅದಕ್ಕೆ ಬೇಕಾದ ಕೋಲಿನ್, ಮೆಥಿಯೋನಿನ್, ಬಿ12 ಅನ್ನೋ ಪೋಷಕಾಂಶಗಳು ಫೀಡಿನಲ್ಲಿ ಸಾಕಷ್ಟಿವೆಯೇ ಅಂತ ನೋಡಿಕೊಂಡೆ.

ಕೊಲೆಸ್ಟ್ರಾಲ್ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಜೋಳ, ಸೋಯಾದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮೀನಿನ ಪುಡಿ, ಪ್ರಾಣಿ ಕೊಬ್ಬಿನಿಂದ ಸ್ವಲ್ಪ ಬಂದರೂ ಲಿವರ್ ತನ್ನ ತಯಾರಿಯನ್ನು ಅಷ್ಟು ಇಳಿಸಿಕೊಳ್ಳುತ್ತದೆ, ಮೇಲಾಗಿ ಒಂದು ಮೊಟ್ಟೆಯ ಜೊತೆ ಸುಮಾರು 200 ಮಿಲಿಗ್ರಾಂ ಹೊರಗೂ ಹೋಗುತ್ತದೆ. ಪ್ರಯೋಗಗಳಲ್ಲಿ ಶುದ್ಧ ಕೊಲೆಸ್ಟ್ರಾಲನ್ನು ಕೊಬ್ಬಿನ ಜೊತೆ ಬೆರೆಸಿ ತಿನ್ನಿಸಿದಾಗ ಅದು ಲಿವರ್‌ನಲ್ಲಿ ಶೇಖರವಾಗುತ್ತದೆ ನಿಜ. ಆದರೆ ಅಷ್ಟು ಪ್ರಮಾಣ ನಮ್ಮ ಫೀಡಿನಲ್ಲಿ ಎಲ್ಲಿಂದ ಬರಬೇಕು?

ಆಮೇಲೆ ಕೊಯ್ದ ಕೋಳಿಗಳ ಲಿವರ್ ಕೆಂಪಗೆ, ಗಟ್ಟಿಯಾಗಿ ಕಂಡವು, ಸಾವೂ ಇಳಿಯಿತು. ಪ್ರತಿ ವಾರ ಕೆಲವು ಕೋಳಿ ತೂಗುವುದನ್ನು ಮಾತ್ರ ಬಿಟ್ಟಿಲ್ಲ. ಎಣ್ಣೆ ಕಮಟು ವಾಸನೆ ಬಂದರೆ ಆ ಡಬ್ಬ ವಾಪಸ್.